ಸೊಮಾಲಿಯಾದ ಸುದ್ದಿಯನ್ನು ಅರ್ಥಮಾಡಿಕೊಂಡು ಓದುವ ಬಗೆ

ಕಡಲ್ಗಳ್ಳರು ಹಡಗನ್ನು ಹಿಡಿದಾಗ, ರಾಜಧಾನಿ ಮೊಗದಿಶುವಿನಲ್ಲಿ ಬಾಂಬ್ ಸ್ಫೋಟಿಸಿದಾಗ ಅಥವಾ ಬರಗಾಲ ಬಂದಾಗ ಮಾತ್ರ ಸೊಮಾಲಿಯಾ ನಮ್ಮ ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುತ್ತದೆ. 2024ರ ಮಾರ್ಚ್‌ನಲ್ಲಿ ಭಾರತೀಯ ನೌಕಾಪಡೆ ‘ರುಯೆನ್’ ಹಡಗಿನ 17 ನಾವಿಕರನ್ನು ಬಿಡಿಸಿ 35 ಕಡಲ್ಗಳ್ಳರನ್ನು ಮುಂಬೈಗೆ ತಂದಾಗ, ಆ 35 ಮಂದಿ ಯಾವ ಕರಾವಳಿಯವರು, ಅಲ್ಲಿ ಯಾರ ಆಡಳಿತ ನಡೆಯುತ್ತದೆ ಎಂಬ ಪ್ರಶ್ನೆ ಬಹಳ ಮಂದಿಯ ಮನಸ್ಸಿಗೆ ಬಂದಿರಲಾರದು. ಈ ಬಿಡಿ ಸುದ್ದಿಗಳನ್ನು ಒಂದಕ್ಕೊಂದು ಜೋಡಿಸಿ ಓದಲು ಬಯಸುವವರಿಗಾಗಿ ಈ ಬರಹ. ‘ಕುಲಗಳ ಕಾದಾಟ’ ಎಂದು ಷರಾ ಬರೆದು ಪುಟ ತಿರುವಿಬಿಡುವ ಅಭ್ಯಾಸವನ್ನು ಬಿಡದೆ ಸೊಮಾಲಿ ರಾಜಕೀಯ ಒಂದಿಷ್ಟೂ ಅರ್ಥವಾಗುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ನಕ್ಷೆಯನ್ನು ಮುಂದಿಟ್ಟುಕೊಂಡು ಆರಂಭಿಸಿ. ಸೊಮಾಲಿ ಜನ ಬದುಕುವ ನೆಲ ಸೊಮಾಲಿಯಾ ದೇಶಕ್ಕಿಂತ ದೊಡ್ಡದು. 1954ರಲ್ಲಿ ರೂಪಿಸಿದ ಧ್ವಜದ ನಕ್ಷತ್ರಕ್ಕೆ ಐದು ಮೊನೆಗಳಿರುವುದಕ್ಕೂ ಇದೇ ಕಾರಣ. ಬ್ರಿಟಿಷರ ವಶದಲ್ಲಿದ್ದ ಉತ್ತರ ಭಾಗ, ಇಟಲಿಯ ವಶದಲ್ಲಿದ್ದ ದಕ್ಷಿಣ ಭಾಗ, ಫ್ರೆಂಚರ ಕೈಯಲ್ಲಿದ್ದ ಇಂದಿನ ಜಿಬೂಟಿ, ಇಥಿಯೋಪಿಯಾದ ಒಗಾಡೆನ್ ಮತ್ತು ಕೀನ್ಯಾದ ಈಶಾನ್ಯ ಸೀಮೆ ಸೇರಿ ಆ ಐದು. 1960ರ ಜೂನ್ 26ರಂದು ಬ್ರಿಟಿಷ್ ಭಾಗವೂ ಜುಲೈ 1ರಂದು ಇಟಲಿಯ ಭಾಗವೂ ಸ್ವತಂತ್ರವಾಗಿ ಅಂದೇ ಒಂದಾದವು. ಉಳಿದ ಮೂರು ಹೊರಗೇ ಉಳಿದವು. ಸುದ್ದಿಯಲ್ಲಿ ಊರಿನ ಹೆಸರು ಬಂದೊಡನೆ ಅದು ಈ ಐದರಲ್ಲಿ ಎಲ್ಲಿದೆ ಎಂದು ಹುಡುಕಿದರೆ ಅರ್ಧ ಗೊಂದಲ ಅಲ್ಲಿಯೇ ಕಳೆಯುತ್ತದೆ.

ಅನಂತರ ಕೆಲವು ಇಸವಿಗಳನ್ನು ಕೈಗೆಟಕುವಂತೆ ಇಟ್ಟುಕೊಳ್ಳಿ. 1969ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಅಬ್ದಿರಶೀದ್ ಅಲಿ ಶೆರ್ಮಾರ್ಕೆಯವರ ಹತ್ಯೆಯಾಯಿತು. ಒಂದು ವಾರದೊಳಗೆ ಸೇನಾಧಿಪತಿ ಸಿಯಾದ್ ಬರ್ರೆ ಅಧಿಕಾರ ಹಿಡಿದರು. 1977ರಲ್ಲಿ ಅವರು ಒಗಾಡೆನ್ ಗೆಲ್ಲಲು ಸೇನೆ ನುಗ್ಗಿಸಿದರು; ಅಲ್ಲಿಯವರೆಗೆ ಮಿತ್ರನಾಗಿದ್ದ ಸೋವಿಯತ್ ಒಕ್ಕೂಟ ಇಥಿಯೋಪಿಯಾದ ಪಕ್ಷಕ್ಕೆ ಹೋಯಿತು, ಕ್ಯೂಬಾದ ಸೈನಿಕರು ಬಂದಿಳಿದರು, 1978ರ ಮಾರ್ಚ್ ವೇಳೆಗೆ ಸೊಮಾಲಿಯಾ ಸೋತು ಹಿಂದೆಗೆಯಿತು. ಆ ಸೋಲಿನ ನಂತರ ಆಡಳಿತವು ತನ್ನ ಪ್ರಜೆಗಳ ಮೇಲೆಯೇ ಯುದ್ಧ ಹೂಡಿದ ಬಗೆಯನ್ನು ಬಲ್ಲವರಿಗೆ ಮಾತ್ರ 1991ರಲ್ಲಿ ಆ ಆಡಳಿತ ಕುಸಿದುಬಿದ್ದದ್ದು ಅರ್ಥವಾಗುತ್ತದೆ.

ಇನ್ನು ಕುಲದ ವಿಷಯ. ಇಲ್ಲಿ ಅವಸರಪಡಬಾರದು. ದಾರೂದ್, ಹವಿಯೆ, ದಿರ್, ಇಸಾಕ್, ರಹನ್ವೇನ್ ಎಂಬ ದೊಡ್ಡ ಹೆಸರುಗಳನ್ನು ಬಾಯಿಪಾಠ ಮಾಡಿದರೆ ಸಾಕೆಂದು ಅನೇಕರು ತಿಳಿಯುತ್ತಾರೆ. ವಾಸ್ತವದಲ್ಲಿ ಪಶುಪಾಲಕ ಸೊಮಾಲಿಯೊಬ್ಬನ ದಿನನಿತ್ಯದ ಬದುಕಿಗೆ ಮುಖ್ಯವಾದುದು ಇವುಗಳಿಗಿಂತ ಎಷ್ಟೋ ಚಿಕ್ಕದಾದ ಒಂದು ಗುಂಪು: ‘ಮಗ್’ ಎಂಬ ರಕ್ತಪರಿಹಾರವನ್ನು ಒಟ್ಟಾಗಿ ಕೊಡುವ ಮತ್ತು ಪಡೆಯುವ ಬಂಧುಬಳಗ. ಬಾವಿಯ ಬಳಿ ಜಗಳವಾಗಿ ಒಬ್ಬ ಇನ್ನೊಬ್ಬನನ್ನು ಕೊಂದನೆನ್ನಿ. ಎರಡೂ ಕಡೆಯ ಹಿರಿಯರು ಮರದ ನೆರಳಿನಲ್ಲಿ ಕುಳಿತು, ಹಿಂದಿನವರು ಮಾಡಿಕೊಂಡ ಒಪ್ಪಂದಗಳನ್ನು ನೆನೆದು, ‘ಹೇರ್’ ಎಂಬ ಅಲಿಖಿತ ಕಾನೂನಿನ ಪ್ರಕಾರ ತೀರ್ಮಾನಿಸುತ್ತಾರೆ. ಗಂಡಸಿನ ಪ್ರಾಣಕ್ಕೆ ರೂಢಿಯ ಲೆಕ್ಕ 100 ಒಂಟೆ, ಹೆಂಗಸಿಗೆ 50. ಆ ಒಂಟೆಗಳು ಕೊಂದವನೊಬ್ಬನ ಹಟ್ಟಿಯಿಂದ ಬರುವುದಿಲ್ಲ. ಅವನ ಬಳಗದ ಪ್ರತಿಯೊಬ್ಬನೂ ತನ್ನ ಪಾಲು ಸೇರಿಸಬೇಕು. ಆದ್ದರಿಂದಲೇ ಬಳಗವು ತನ್ನ ಪುಂಡರನ್ನು ತಾನೇ ಹದ್ದುಬಸ್ತಿನಲ್ಲಿಡುತ್ತದೆ. ಕುಲವೆಂದರೆ ಬರೀ ವೈರದ ಮೂಲವೆಂದು ಓದುವವರು ಈ ಶಾಂತಿಯ ವ್ಯವಸ್ಥೆಯನ್ನು ಕಾಣದೆ ಹೋಗುತ್ತಾರೆ.

ಆದರೆ ಇದೇ ವ್ಯವಸ್ಥೆಯಲ್ಲಿ ಬಲವಾದ ಬಳಗವಿಲ್ಲದವನಿಗೆ ನ್ಯಾಯ ದೊರೆಯುವುದು ಕಷ್ಟ. ನದಿತೀರದ ಬಾಂಟು ರೈತರು, ಕರಾವಳಿ ಪಟ್ಟಣಗಳ ಬೆನಾದಿರಿಗಳು, ಕಮ್ಮಾರಿಕೆ ಮತ್ತು ಚರ್ಮದ ಕೆಲಸ ಮಾಡುವ ಗಬೋಯೆಯರು ಇಂಥವರು. ಗಬೋಯೆಯರೊಂದಿಗೆ ಇತರರು ಮದುವೆ ಸಂಬಂಧ ಬೆಳೆಸುವುದಿಲ್ಲ. ಒಂದೇ ಭಾಷೆ, ಒಂದೇ ಧರ್ಮ ಇದ್ದ ಮೇಲೆ ಜಗಳವೇಕೆ ಎಂದು ಕೇಳುವವರು ಈ ಮೇಲುಕೀಳನ್ನು ಗಮನಿಸಬೇಕು.

1992ರ ಬರಗಾಲವನ್ನು ಓದುವಾಗ ಇದು ತೀರ ಅಗತ್ಯ. ಅಂದು ಅತಿ ಹೆಚ್ಚು ಸಾವು ಕಂಡ ಸೀಮೆಗಳಲ್ಲಿ ಜುಬ್ಬಾ ಮತ್ತು ಶೆಬೆಲ್ಲೆ ನದಿಗಳ ನಡುವಿನ ಬೈದೋವಾ ಪ್ರದೇಶ ಒಂದು. ಅದು ದೇಶದ ಫಲವತ್ತಾದ ಬೇಸಾಯದ ನೆಲ. ಮಳೆ ಕೈಕೊಟ್ಟದ್ದು ನಿಜ, ಆದರೆ ಹೊರಗಿನಿಂದ ಬಂದ ಶಸ್ತ್ರಧಾರಿ ಪಡೆಗಳು ರಹನ್ವೇನ್ ಮತ್ತು ಬಾಂಟು ರೈತರ ಧಾನ್ಯದ ಹಗೇವುಗಳನ್ನು ದೋಚಿದ್ದೂ, ನೆರವಿನ ಆಹಾರವನ್ನು ದಾರಿಯಲ್ಲೇ ಕಸಿದದ್ದೂ ಅಷ್ಟೇ ನಿಜ. ವಿಶ್ವಸಂಸ್ಥೆಯ ಕಾರ್ಯಾಚರಣೆಯ ಅಂಗವಾಗಿ 1993–94ರಲ್ಲಿ ಭಾರತೀಯ ಸೇನೆಯ ಬ್ರಿಗೇಡ್ ನೆಲೆಸಿದ್ದು ಇದೇ ಬೈದೋವಾ ಸುತ್ತಮುತ್ತ. ಬರದ ಸುದ್ದಿ ಬಂದಾಗಲೆಲ್ಲ ಮಳೆಯ ಪ್ರಮಾಣದ ಜೊತೆಗೆ ಅಲ್ಲಿನ ನೆಲ ಯಾರ ಹಿಡಿತದಲ್ಲಿದೆ ಎಂದೂ ವಿಚಾರಿಸಿ.

ಕುಲವು ಬಂದೂಕು ಹಿಡಿದದ್ದು ತಾನಾಗಿ ಅಲ್ಲ. ಸಿಯಾದ್ ಬರ್ರೆ ಆಡಳಿತ ಕುಲನಿಷ್ಠೆಯ ಪ್ರತಿಕೃತಿಗಳನ್ನು ಸಾರ್ವಜನಿಕವಾಗಿ ಸುಡಿಸಿತು. ಅದೇ ಆಡಳಿತ ಮರೆಹಾನ್, ಒಗಾಡೆನ್ (ಇಲ್ಲಿ ಇದು ಕುಲದ ಹೆಸರು), ಧುಲ್ಬಹಾಂತೆ ಎಂಬ ಮೂರು ಬಳಗಗಳ ಆಸರೆಯಲ್ಲಿ ನಿಂತಿತ್ತು. 1988ರಲ್ಲಿ ಇಸಾಕರ ಬೆಂಬಲದ ಬಂಡುಕೋರರು ಉತ್ತರದ ಹರ್ಗೇಸಾ ನಗರಕ್ಕೆ ನುಗ್ಗಿದಾಗ, ಆ ನಗರದ ವಿಮಾನ ನಿಲ್ದಾಣದಿಂದಲೇ ಮೇಲೆದ್ದ ಸರ್ಕಾರಿ ವಿಮಾನಗಳು ಅದೇ ನಗರದ ಮೇಲೆ ಬಾಂಬ್ ಸುರಿಸಿದವು. ಲಕ್ಷಾಂತರ ಜನ ಇಥಿಯೋಪಿಯಾಕ್ಕೆ ಓಡಿದರು. ಇಂದಿಗೂ ಹರ್ಗೇಸಾದ ನಡುವೆ ಒಂದು ಮಿಗ್ ವಿಮಾನವನ್ನು ಸ್ಮಾರಕವಾಗಿ ನಿಲ್ಲಿಸಿದ್ದಾರೆ. 1991ರ ಮೇ 18ರಂದು ಉತ್ತರದವರು ಸೊಮಾಲಿಲ್ಯಾಂಡ್ ಎಂಬ ಬೇರೆ ದೇಶವೆಂದು ಘೋಷಿಸಿಕೊಂಡದ್ದರ ಹಿಂದೆ ಈ ನೆನಪಿದೆ. 1993ರಲ್ಲಿ ಬೊರಾಮಾ ಪಟ್ಟಣದಲ್ಲಿ ಹಿರಿಯರು ತಿಂಗಳುಗಟ್ಟಲೆ ಕುಳಿತು ಚರ್ಚಿಸಿ ಅಲ್ಲಿನ ಸರ್ಕಾರಕ್ಕೆ ರೂಪ ಕೊಟ್ಟರು. ಹಿರಿಯರ ಸಭೆಯಾದ ‘ಗೂರ್ತಿ’ ಸಂಸತ್ತಿನ ಮೇಲ್ಮನೆಯಾಯಿತು. ದಕ್ಷಿಣದಲ್ಲಿ ಮಾತ್ರ ಬಂಡಾಯದ ನಾಯಕರಾದ ಅಲಿ ಮಹ್ದಿ ಮತ್ತು ಫರಾ ಐದೀದ್, ಇಬ್ಬರೂ ಹವಿಯೆ ಕುಲದವರೇ, ಮೊಗದಿಶುವನ್ನು ಎರಡು ಹೋಳು ಮಾಡಿದರು. ಕಾದಾಟ ಯಾವ ಕುಲಗಳ ನಡುವೆ ಎಂದಷ್ಟೇ ಕೇಳಿದರೆ ಸಾಲದು, ಕುಲದ ಯಾವ ಮಟ್ಟದಲ್ಲಿ ಎಂದು ಕೇಳಬೇಕು ಎನ್ನುವುದಕ್ಕೆ ಇದು ಸಾಕ್ಷಿ.

ಮುಂದಿನ ಸರ್ಕಾರಗಳ ಸುದ್ದಿಯಲ್ಲಿ ‘4.5 ಸೂತ್ರ’ ಎಂಬ ಮಾತು ಎದುರಾಗುತ್ತದೆ. 2000ದಲ್ಲಿ ಜಿಬೂಟಿಯ ಆರ್ತಾ ಸಮ್ಮೇಳನದಿಂದ ಬಂದ ಈ ಏರ್ಪಾಡಿನಲ್ಲಿ ನಾಲ್ಕು ದೊಡ್ಡ ಕುಲಸಮೂಹಗಳಿಗೆ (ಇಸಾಕರನ್ನು ದಿರ್ ಜೊತೆ ಎಣಿಸಿ) ಸಂಸತ್ತಿನಲ್ಲಿ ಸಮಪಾಲು, ಉಳಿದ ಅಲ್ಪಸಂಖ್ಯಾತರೆಲ್ಲರಿಗೂ ಸೇರಿ ಅರ್ಧ ಪಾಲು. ಇದನ್ನು ಆಪದ್ಧರ್ಮವೆಂದು ಒಪ್ಪಬಹುದಾದರೂ, ಒಬ್ಬ ಪ್ರಜೆಯನ್ನು ಅರ್ಧ ತೂಕದವನೆಂದು ಎಣಿಸುವ ಈ ಲೆಕ್ಕ ಇಷ್ಟು ವರ್ಷ ಉಳಿದದ್ದು ನೋವಿನ ಸಂಗತಿ.

ಉಗ್ರಗಾಮಿ ಸಂಘಟನೆ ಅಲ್ ಶಬಾಬ್ ಕುರಿತ ವರದಿಗಳಲ್ಲಿ ಅದರ ಹುಟ್ಟಿನ ಸಂದರ್ಭವನ್ನು ಮರೆಯಬೇಡಿ. 2006ರಲ್ಲಿ ಇಸ್ಲಾಮಿಕ್ ನ್ಯಾಯಾಲಯಗಳ ಒಕ್ಕೂಟ ಮೊಗದಿಶುವಿನಿಂದ ಖಾಸಗಿ ಪಡೆಗಳ ನಾಯಕರನ್ನು ಓಡಿಸಿತು; ಆ ವರ್ಷದ ಕೊನೆಯಲ್ಲಿ ಇಥಿಯೋಪಿಯಾದ ಸೇನೆ ಬಂದು ಒಕ್ಕೂಟವನ್ನು ಚದುರಿಸಿತು. ಪರದೇಶದ ಸೇನೆಯ ವಿರುದ್ಧ ಎದ್ದ ಸಿಟ್ಟೇ ಒಕ್ಕೂಟದ ಉಗ್ರ ಯುವ ಬಣವಾಗಿದ್ದ ಅಲ್ ಶಬಾಬ್‌ಗೆ ಬಲ ತುಂಬಿತು. 2017ರ ಅಕ್ಟೋಬರ್ 14ರ ಲಾರಿ ಬಾಂಬಿಗೆ ಮೊಗದಿಶುವಿನಲ್ಲಿ 500ಕ್ಕೂ ಹೆಚ್ಚು ಜನ ಸತ್ತರು. ಈ ಸಂಘಟನೆಯ ಕೈಯಿಂದ ಹೆಚ್ಚು ನರಳಿದವರು ಸೊಮಾಲಿ ಮುಸ್ಲಿಮರೇ.

ಹೆಸರುಗಳ ಬಗ್ಗೆ ಒಂದು ಸೂಚನೆ. ಸೊಮಾಲಿಗಳಿಗೆ ಮನೆತನದ ಹೆಸರಿಲ್ಲ. ತನ್ನ ಹೆಸರು, ತಂದೆಯದು, ಅಜ್ಜನದು ಎಂಬ ಕ್ರಮವಿರುತ್ತದೆ. 2022ರಲ್ಲಿ ಸೊಮಾಲಿಯಾದ ಅಧ್ಯಕ್ಷರಾಗಿ ಆಯ್ಕೆಯಾದ ಹಸನ್ ಶೇಖ್ ಮೊಹಮೂದ್ ಅವರನ್ನು ಬರಿದೆ ‘ಮೊಹಮೂದ್’ ಎಂದು ಬರೆದರೆ ಅವರ ಹಿರಿಯರನ್ನು ಕರೆದಂತಾಗುತ್ತದೆ. 1972ರಲ್ಲಿ ಅಳವಡಿಸಿಕೊಂಡ ರೋಮನ್ ಲಿಪಿಯಲ್ಲಿ ‘ಸಿ’ ಅಕ್ಷರ ಅರಬ್ಬಿಯ ಐನ್ ಧ್ವನಿಯನ್ನೂ ‘ಎಕ್ಸ್’ ಗಂಟಲಿನ ಹಕಾರವನ್ನೂ ಸೂಚಿಸುತ್ತವೆ. ‘Cali’ ಎಂಬ ಹೆಸರನ್ನು ಕಂಡು ‘ಕಾಲಿ’ ಎಂದು ಓದದೆ ಅಲಿ ಎಂದೇ ಓದಿ.

ಈ ಎಲ್ಲವನ್ನೂ ಲಾಸ್ ಅನೋದ್ ಪಟ್ಟಣದ ಮೇಲೆ ಪ್ರಯೋಗಿಸಿ ನೋಡಿ. 2023ರ ಫೆಬ್ರವರಿಯಲ್ಲಿ ಅಲ್ಲಿ ಯುದ್ಧ ಸಿಡಿಯಿತು. ನಕ್ಷೆಯ ಪ್ರಕಾರ ಅದು ಹಳೆಯ ಬ್ರಿಟಿಷ್ ಗಡಿಯೊಳಗಿದೆ, ಆದ್ದರಿಂದ ತನ್ನದೆಂದು ಸೊಮಾಲಿಲ್ಯಾಂಡ್ ವಾದಿಸುತ್ತದೆ. ಕುಲದ ಪ್ರಕಾರ ಅಲ್ಲಿನ ಧುಲ್ಬಹಾಂತೆಯರು ದಾರೂದ್ ಬಳಗದವರು, ಆದ್ದರಿಂದ ಸೊಮಾಲಿಯಾದೊಳಗಿನ ನೆರೆಯ ಸ್ವಾಯತ್ತ ರಾಜ್ಯ ಪುಂಟ್‌ಲ್ಯಾಂಡ್ ಕೂಡ ಹಕ್ಕು ಸಾಧಿಸುತ್ತದೆ. ಇಸವಿ ನೋಡಿದರೆ, 2007ರಿಂದ ಪಟ್ಟಣ ಸೊಮಾಲಿಲ್ಯಾಂಡಿನ ಸೇನೆಯ ವಶದಲ್ಲಿತ್ತು. ಹಿರಿಯರು ಏನೆಂದರು ಎಂದು ಕೇಳಿದರೆ, ತಾವು ಮೊಗದಿಶುವಿನ ಒಕ್ಕೂಟದೊಳಗೆ ಇರುತ್ತೇವೆ ಎಂದು ಸಾರಿದ್ದರು. ಆಗಸ್ಟ್‌ನಲ್ಲಿ ಸೊಮಾಲಿಲ್ಯಾಂಡ್ ಸೇನೆ ಊರ ಬಳಿಯ ನೆಲೆ ಕಳೆದುಕೊಂಡಿತು. ಅಕ್ಟೋಬರ್‌ನಲ್ಲಿ ಮೊಗದಿಶು ಸರ್ಕಾರ ಅಲ್ಲಿನವರು ಕಟ್ಟಿಕೊಂಡ ಎಸ್‌ಎಸ್‌ಸಿ-ಖಾತುಮೊ ಎಂಬ ಆಡಳಿತಕ್ಕೆ ಮಾನ್ಯತೆ ನೀಡಿತು. ಸೊಮಾಲಿಲ್ಯಾಂಡನ್ನು ಬೇರೆ ದೇಶವೆಂದು ಮಾನ್ಯ ಮಾಡುವ ಕುರಿತು ಇನ್ನು ಮುಂದೆ ಬರುವ ಯಾವ ಸುದ್ದಿಯಲ್ಲಾದರೂ, ಅದು ಯಾವ ಗಡಿಯ ಸೊಮಾಲಿಲ್ಯಾಂಡ್ ಎಂಬುದನ್ನು ಮೊದಲು ನೋಡಿ.