ಗುಡ್ಡೆಯ ಟ್ಯಾಂಕಿಯಿಂದ ತೋಡಿನ ಬಾವಿಗೆ: ವಯರ್‌ಲೆಸ್ ಮೋಡೆಮ್ ಕೂರಿಸಿದ ನನ್ನ ಅನುಭವ

ಹಿರಿಯಡ್ಕದಿಂದ ಸ್ವಲ್ಪ ಒಳಗೆ ನಮ್ಮ ಮಾವನ ಅಡಿಕೆ ತೋಟ. ಬಾವಿ, ಪಂಪ್ ಶೆಡ್ ಕೆಳಗೆ ತೋಡಿನ ಬದಿಯಲ್ಲಿ. ಟ್ಯಾಂಕಿ ಗುಡ್ಡೆಯ ತಲೆಯಲ್ಲಿ. ನಡುವೆ 700-750 ಮೀಟರ್ ಇರಬಹುದು. ಅರ್ಧ ಅಡಿಕೆ, ಅರ್ಧ ರಬ್ಬರ್, ಜೊತೆಗೆ ಮುರಕಲ್ಲಿನ ಒಂದು ಏರು. ಟ್ಯಾಂಕಿ ತುಂಬಿದ್ದು ಕೆಳಗೆ ಗೊತ್ತಾಗಬೇಕು, ಪಂಪ್ ತಾನಾಗಿ ನಿಲ್ಲಬೇಕು. ಕೆಲಸ ಇಷ್ಟೇ. ಇದಕ್ಕೆ ನನಗೆ ಎರಡು ಬೇಸಿಗೆ ಹಿಡಿಯಿತು.

ಮೊದಲು ವಯರ್ ಇತ್ತು. ಸಿಡಿಲಿಗೆ ಎರಡು ಸಲ ಹೋಯಿತು, ಎರಡನೇ ಸಲ ಸ್ಟಾರ್ಟರ್ ಸಮೇತ. ಪುನಃ ಎಳೆದರೆ ಹದಿನಾಲ್ಕು ಹದಿನೈದು ಸಾವಿರ. ಮೊಬೈಲ್ ಸ್ಟಾರ್ಟರ್ ಹಾಕೋಣವೆಂದರೆ ತೋಡಿನ ಹತ್ತಿರ ಸಿಗ್ನಲ್ಲೇ ಇಲ್ಲ. ವಯರ್‌ಲೆಸ್ ಮಾಡುತ್ತೇನೆ ಎಂದಾಗ ಮಾವ, "ಎಂತ ಮಾರಾಯ, ಇದು ಆಗುವ ಕೆಲಸವಾ? ಈ ಮರಗಳ ನಡುವೆ ಟಾರ್ಚಿನ ಬೆಳಕೇ ದಾಟುವುದಿಲ್ಲ" ಅಂದರು. ಉಡುಪಿಯಲ್ಲಿ ಇದೇ ಲೈನಿನಲ್ಲಿರುವ ನನ್ನ ಸ್ನೇಹಿತ, 1 ವಾಟಿನ ಮಾಡ್ಯೂಲ್ (ರೇಡಿಯೋ ಮೋಡೆಮ್ಮಿನ ಸಣ್ಣ ಬೋರ್ಡ್) ಬೇಕೇ ಬೇಕು, 100 ಮಿಲಿವಾಟಿನಲ್ಲಿ ಆಗುವುದೇ ಇಲ್ಲ ಎಂದು ಬೆಟ್ ಕಟ್ಟಿದ. ಈಗ ಅಲ್ಲಿ ಓಡುತ್ತಿರುವುದು 100 ಮಿಲಿವಾಟಿನದ್ದೇ.

ಮೊದಲು ತಂದದ್ದು ಎಚ್‌ಸಿ-12 ಎಂಬ ಮಾಡ್ಯೂಲಿನ ಜೋಡಿ. ಅಂಗಡಿಯ ಮೇಜಿನ ಮೇಲೆ ಚೆನ್ನಾಗಿಯೇ ಇತ್ತು. ತೋಟದಲ್ಲಿ 200 ಮೀಟರ್ ದಾಟುವಾಗ ಸುಸ್ತು. ಅದರ ಎಫ್‌ಯು3 ಎಂಬ ಮೋಡಿನಲ್ಲೇ ಬಾಡ್ ರೇಟನ್ನು (ಮಾಡ್ಯೂಲಿಗೆ ವಯರಿನಲ್ಲಿ ಡೇಟಾ ಕೊಡುವ ಸೀರಿಯಲ್ ವೇಗ) 9600ರಿಂದ 1200ಕ್ಕೆ ಇಳಿಸಿದೆ. 400 ಮೀಟರಿನ ಹತ್ತಿರ ಹೋಯಿತು! ನನ್ನ ಕಣ್ಣು ತೆರೆದದ್ದು ಅಲ್ಲಿ. ಆ ಮೋಡಿನಲ್ಲಿ ಸೀರಿಯಲ್ ಬಾಡ್ ಇಳಿಸಿದರೆ ಗಾಳಿಯ ವೇಗವೂ (ರೇಡಿಯೋದಲ್ಲಿ ಡೇಟಾ ಹೋಗುವ ವೇಗ) ಅದರ ಜೊತೆ ಇಳಿಯುತ್ತದೆ: 9600ಕ್ಕೆ ಗಾಳಿಯಲ್ಲಿ ಸೆಕೆಂಡಿಗೆ 15,000 ಬಿಟ್, 1200ಕ್ಕೆ 5,000. ದೂರ ಕೊಡುವುದು ಗಾಳಿಯ ಈ ಕಡಿಮೆ ವೇಗ. ಎಫ್‌ಯು4 ಮೋಡಿನಲ್ಲಿ ಅದು 500ಕ್ಕೆ ಇಳಿಯುತ್ತದೆ, ಆದರೆ ನನಗೆ ಸಿಕ್ಕಿದ ಜೋಡಿ ಹಳೆಯ ಫರ್ಮ್‌ವೇರಿನದ್ದು, ಆ ಕಮಾಂಡನ್ನೇ ಒಪ್ಪಲಿಲ್ಲ. ಅಲ್ಲಿಗೆ ಸುಮಾರು 1,200 ರೂಪಾಯಿ ಹೋಯಿತು.

ಆಮೇಲೆ ಎಬೈಟ್ ಕಂಪನಿಯ ಇ32 ಮಾಡ್ಯೂಲ್, 868 ಮೆಗಾಹರ್ಟ್ಸಿನ ಮಾಡೆಲ್. ಒಂದಕ್ಕೆ ಎಂಟುನೂರು ಒಂಬೈನೂರು. ಇದರಲ್ಲಿ ಸೀರಿಯಲ್ ಬಾಡ್ ಬೇರೆ, ಗಾಳಿಯ ವೇಗ ಬೇರೆ. ಮೇಲೆ 9600, ಕೆಳಗೆ 1200 ಇಟ್ಟರೂ ಮಾತಾಡುತ್ತವೆ. ಗಾಳಿಯ ವೇಗ, ಚಾನೆಲ್, ವಿಳಾಸ ಮಾತ್ರ ಎರಡೂ ಕಡೆ ಒಂದೇ ಇರಬೇಕು. ಎಫ್‌ಇಸಿ (ದಾರಿಯಲ್ಲಿ ಆದ ತಪ್ಪು ಸರಿಮಾಡುವ ವ್ಯವಸ್ಥೆ) ಎರಡೂ ಕಡೆ ಆನ್.

ಇಲ್ಲಿ ನಾನು ಒಂದು ಮಾಡ್ಯೂಲಿನ ದುಡ್ಡು ಸುಮ್ನೆ ಕಳೆದೆ. ಬಾಡ್ ರೇಟನ್ನು 1200 ಮಾಡಿ ಸೇವ್ ಮಾಡಿದೆ. ಮಾರನೇ ದಿನ ಸೆಟ್ಟಿಂಗ್ ಓದಲು ಮೋಡ್ ಪಿನ್ನುಗಳಾದ ಎಂ0, ಎಂ1 ಎರಡನ್ನೂ ಹೈ ಮಾಡಿ (ಅದೇ ಕಾನ್ಫಿಗರೇಶನ್ ಮೋಡ್), 1200ರಲ್ಲೇ ಸಿ1 ಸಿ1 ಸಿ1 ಎಂಬ ಕಮಾಂಡ್ ಕಳಿಸಿದೆ. ಉತ್ತರವಿಲ್ಲ. ಎರಡು ದಿನ ಕೂತೆ, ಸತ್ತಿದೆ ಎಂದು ಬದಿಗಿಟ್ಟು ಹೊಸದು ತರಿಸಿದೆ. ನೀವು ಎಷ್ಟೇ ಬಾಡ್ ಇಟ್ಟಿರಿ, ಕಾನ್ಫಿಗರೇಶನ್ ಮೋಡ್ ಮಾತಾಡುವುದು 9600ರಲ್ಲೇ. ಆ ಹಳೆಯದು ಇವತ್ತಿಗೂ ಪಂಪ್ ಶೆಡ್ಡಿನಲ್ಲಿ ಕೆಲಸ ಮಾಡುತ್ತಿದೆ.

ಫ್ಯಾಕ್ಟರಿಯಿಂದ ಬರುವಾಗ ಅದರ ಸೆಟ್ಟಿಂಗ್ ಓದಿದರೆ ಸಿಗುವ ಬೈಟ್‌ಗಳು ಸಿ0 00 00 1ಎ 06 44. ನಾನು ಬರೆದದ್ದು ಸಿ0, ಎರಡು ಬೈಟ್ ವಿಳಾಸ, ಆಮೇಲೆ 18 04 44. 1ಎ ಹೋಗಿ 18 ಆದರೆ ಗಾಳಿಯ ವೇಗ 2.4 ಕಿಲೋಬಿಟ್‌ನಿಂದ 0.3ಕ್ಕೆ ಇಳಿಯುತ್ತದೆ. ಚಾನೆಲ್ 06 ಅಂದರೆ 868 ಮೆಗಾಹರ್ಟ್ಸ್, 04 ಅಂದರೆ 866. ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟಿರುವ 865-868ರ ಒಳಗೆ ಸರಿಯಾಗಿ ಕೂರುತ್ತದೆ. ವಿಳಾಸದ ಬೈಟ್ ಇಲ್ಲಿ ಬರೆಯುವುದಿಲ್ಲ. ನನ್ನ ಪಂಪ್ ಅದರ ಮೇಲೆ ಓಡುತ್ತಿದೆ, ಅಲ್ವಾ.

ಮೊದಲ ದಿನವೇ ಗುಡ್ಡೆಯಿಂದ ಮೆಸೇಜ್ ಬಂತು. ನೂರಕ್ಕೆ ಅರವತ್ತು ಮಾತ್ರ. ಉಳಿದವು ಎಲ್ಲಿ ಹೋಗುತ್ತವೆ ಎಂದು ಮೂರು ವಾರ ಹುಡುಕಿದೆ. ಆಂಟೆನಾ ಬದಲಿಸಿದೆ. ಅರ್ತ್ ವಯರಿನ ತಾಮ್ರದಿಂದ ಎಂಟು ಸೆಂಟಿಮೀಟರ್ ಚಿಲ್ಲರೆಯ ಕಡ್ಡಿ ಕತ್ತರಿಸಿ, ನಾಲ್ಕು ಕಾಲು ಬಗ್ಗಿಸಿ, ಪಿವಿಸಿ ಪೈಪಿನೊಳಗೆ ಕೂರಿಸಿದೆ. ಅದರಿಂದ ಲಾಭವಾಯಿತು, ಆದರೆ ರೋಗ ಹೋಗಲಿಲ್ಲ. ತಪ್ಪು ನನ್ನದೇ ಇತ್ತು. ಬ್ಯಾಟರಿ ಉಳಿಸಲು ಮೆಸೇಜ್ ಕಳಿಸಿದ ಕೂಡಲೇ ಮಾಸ್‌ಫೆಟ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ಚಿನಿಂದ ಮಾಡ್ಯೂಲಿನ ವಿದ್ಯುತ್ತನ್ನೇ ಕಟ್ ಮಾಡುತ್ತಿದ್ದೆ. ಮಾಡ್ಯೂಲಿನ ಸ್ಥಿತಿ ತಿಳಿಸುವ ಎಯುಎಕ್ಸ್ ಪಿನ್ ಹೈ ಆಯಿತೆಂದರೆ ಕೆಲಸ ಮುಗಿಯಿತು ಎಂದುಕೊಂಡಿದ್ದೆ. ಅದು ಹೇಳುವುದು ಬಫರ್ (ಕಳಿಸಲು ಕಾದಿರುವ ಡೇಟಾ ಇರುವ ಜಾಗ) ಖಾಲಿಯಾಗಿದೆ ಎಂದು ಮಾತ್ರ. ಕೊನೆಯ ಪ್ಯಾಕೆಟ್ ಆಗ ಇನ್ನೂ ಗಾಳಿಯಲ್ಲೇ ಇರಬಹುದು. 2.4ರಲ್ಲಿ ಬೇಗ ಮುಗಿಯುತ್ತಿದ್ದದ್ದರಿಂದ ಮೇಜಿನ ಮೇಲೆ ಗೊತ್ತೇ ಆಗಲಿಲ್ಲ. 0.3ರಲ್ಲಿ ಹದಿನೈದಿಪ್ಪತ್ತು ಬೈಟ್ ಹೋಗಲು ಅರ್ಧ ಸೆಕೆಂಡಿಗಿಂತ ಜಾಸ್ತಿ ಬೇಕು. ಈಗ ಕರೆಂಟ್ ಕಟ್ ಮಾಡುವುದಿಲ್ಲ, ಎಂ0, ಎಂ1 ಎರಡೂ ಪಿನ್ ಹೈ ಮಾಡಿ ನಿದ್ದೆಗೆ ಕಳಿಸುತ್ತೇನೆ. ಮೆಸೇಜನ್ನು 20ರಿಂದ 6 ಬೈಟಿಗೆ ಇಳಿಸಿದೆ. ಆ ಆರರಲ್ಲಿ ಎಂತ ಇದೆ ಎಂಬುದು ನನ್ನ ಹತ್ತಿರವೇ ಇರಲಿ.

ಮಧ್ಯೆ ಇನ್ನೊಂದು ಪ್ರಯೋಗಕ್ಕೆ ಕೈ ಹಾಕಿದೆ. ತೋಟದ ಗೇಟ್ ವಾಲ್ವನ್ನು ಬ್ಯಾಟರಿಯಲ್ಲಿ ಇಟ್ಟು, ಅಲ್ಲಿನ ಮಾಡ್ಯೂಲನ್ನು ಪವರ್ ಸೇವಿಂಗ್ ಮೋಡಿಗೆ ಹಾಕಿದೆ. ಒಂದು ದಿನ ಪೂರ್ತಿ ಏನೂ ಬರಲಿಲ್ಲ. ಆ ಮೋಡಿನಲ್ಲಿರುವುದು ಎಚ್ಚರವಾಗಬೇಕಾದರೆ ಕಳಿಸುವವನು ವೇಕಪ್ ಮೋಡಿನಲ್ಲಿ ಇರಬೇಕು, ಸಾದಾ ಮೋಡಿನಲ್ಲಿ ಕೂಗಿದರೆ ಕೇಳುವುದಿಲ್ಲ. ಮತ್ತೆ ಆ ಮೋಡಿನಿಂದ ಉತ್ತರ ಕಳಿಸಲಿಕ್ಕೂ ಆಗದು, ಮೋಡ್ ಬದಲಿಸಿಯೇ ಕಳಿಸಬೇಕು. ವಾಲ್ವ್ ತಿರುಗಿತು, ಆದರೆ ಗೇರ್ ಮೋಟರ್ ಬ್ಯಾಟರಿ ತಿಂದುಬಿಟ್ಟಿತು. ಅದು ಸದ್ಯಕ್ಕೆ ಅಟ್ಟದ ಮೇಲಿದೆ.

ಈಗ ಐದು ನಿಮಿಷಕ್ಕೊಮ್ಮೆ ಟ್ಯಾಂಕಿಯಿಂದ ಸುದ್ದಿ ಬರುತ್ತದೆ, ನೂರಕ್ಕೆ 97-98. ಹದಿನೈದು ನಿಮಿಷ ಸುದ್ದಿ ಇಲ್ಲದಿದ್ದರೆ ಪಂಪ್ ನಿಲ್ಲುತ್ತದೆ, ಇದನ್ನು ಮಾತ್ರ ಯಾರೂ ಬಿಡಬೇಡಿ. ಒಂದು ಸೆಲ್ಲು, ಅಂಗೈಯಷ್ಟು ಸೋಲಾರ್ ಪ್ಲೇಟು. ಕಳೆದ ಮಳೆಗಾಲದಲ್ಲಿ ಬಿಸಿಲೇ ಇಲ್ಲದ ಹತ್ತು ಹನ್ನೆರಡು ದಿನವೂ ನಿಲ್ಲಲಿಲ್ಲ. ಸೋತದ್ದೆಲ್ಲ ಸೇರಿಸಿದರೆ ಏಳು ಸಾವಿರದ ಹತ್ತಿರ ಖರ್ಚು, ನಿಜವಾಗಿ ಬೇಕಾದದ್ದು ಮೂರು ಚಿಲ್ಲರೆ.

ಮಾವ ಈಗ ನೆಂಟರು ಬಂದರೆ ಮೊದಲು ಪಂಪ್ ಶೆಡ್ಡಿಗೇ ಕರೆದುಕೊಂಡು ಹೋಗುತ್ತಾರೆ. ತೋಡಿನ ಆಚೆಯ ತೋಟದವರೂ ಕೇಳಿದ್ದಾರೆ. ಅವರಿಗೆ ಬೇರೆ ಚಾನೆಲಿನ ಒಂದು ಜೋಡಿ ಮೊನ್ನೆಯೇ ಬರೆದಿಟ್ಟಿದ್ದೇನೆ.