ಔಷಧೀಯ ಆರ್ಕಿಡ್‌ನ ಡಿಎನ್‌ಎ ಬೆರಳಚ್ಚು: ಮೊದಲು ಲೋಳೆಯ ಜೊತೆ ಗುದ್ದಾಟ

ಪ್ರಭೇದ ಯಾವುದು ಎಂಬ ಪ್ರಶ್ನೆ ಬೇರೆ, ಗಿಡ ಯಾವ ನೆಲೆಯ ಸಂತತಿ ಎಂಬ ಪ್ರಶ್ನೆ ಬೇರೆ. ಮೊದಲನೆಯದಕ್ಕೆ ಐಟಿಎಸ್ ಅಥವಾ ಮ್ಯಾಟ್‌ಕೆ ಎಂಬ ಡಿಎನ್‌ಎ ಭಾಗದ ಅನುಕ್ರಮ (ಅಕ್ಷರಗಳ ಸಾಲು) ಓದುತ್ತೇವೆ. ಎರಡನೆಯದಕ್ಕೆ ಐಎಸ್‌ಎಸ್‌ಆರ್ ಪಟ್ಟಿಗಳು, ಅಂದರೆ ಮರುಕಳಿಸುವ ಗಿಡ್ಡ ಅನುಕ್ರಮಗಳ ನಡುವಿನ ಡಿಎನ್‌ಎ ತುಂಡುಗಳು ಜೆಲ್‌ನಲ್ಲಿ ಮೂಡಿಸುವ ಗೆರೆಗಳು. ಇವೆರಡನ್ನು ಬೆರೆಸಿಕೊಂಡರೆ ಶುರುವಿನಲ್ಲೇ ದಾರಿ ತಪ್ಪುತ್ತದೆ.

ಮಾದರಿಗೆ ಎಳೆಯ ಎಲೆಯೇ ಬೇಕು. ಒಂದೇ ಬುಡದಿಂದ ಎದ್ದ ಕಾಂಡಗಳೆಲ್ಲ ಒಂದೇ ಗಿಡ, ಹಾಗಾಗಿ ಬುಡ ಬದಲಿಸಿ, ನೆಲೆಗೆ 15–20 ಗಿಡ ಹಿಡಿಯುತ್ತೇವೆ. ನಮ್ಮ ಆರ್ಕಿಡ್ ಡೆಂಡ್ರೋಬಿಯಂ, ಅದರ ಎಲೆ ದಪ್ಪ. ನಡುನರ ತೆಗೆದು ಸಣ್ಣಗೆ ಸೀಳಿ, ಹತ್ತು ಪಟ್ಟು ಸಿಲಿಕಾ ಜೆಲ್‌ನಲ್ಲಿ (ತೇವ ಹೀರುವ ಹರಳು) ಹೂಳಬೇಕು. ಇಡೀ ಎಲೆ ಹಾಕಿದರೆ ಒಣಗುವ ಮೊದಲೇ ಕಂದಾಗುತ್ತದೆ.

ನಿಜವಾದ ಕಾಟ ಲೋಳೆಯದು, ಅಂದರೆ ಎಲೆಯೊಳಗಿನ ಅಂಟು ಸಕ್ಕರೆ ಸರಪಳಿಗಳದು. ಒಣ ಎಲೆ 20 ಮಿ.ಗ್ರಾಂ ಸಾಕು, ಹೆಚ್ಚು ಹಾಕಿದರೆ ಡಿಎನ್‌ಎಗಿಂತ ಲೋಳೆಯೇ ಹೆಚ್ಚು ಸಿಗುತ್ತದೆ. ಡಿಎನ್‌ಎ ಹೊರತೆಗೆಯುವ ನಮ್ಮ ದ್ರಾವಣ: 2% ಸಿಟಿಎಬಿ (ಕೋಶಪೊರೆ ಒಡೆಯುವ ಮಾರ್ಜಕ), 1.4 ಮೋಲಾರ್ ಉಪ್ಪು, 100 ಮಿಲಿಮೋಲಾರ್ ಟ್ರಿಸ್ (ಪಿಎಚ್ 8), 20 ಮಿಲಿಮೋಲಾರ್ ಇಡಿಟಿಎ, 2% ಪಿವಿಪಿ. ಕಂದಾಗುವುದನ್ನು ತಡೆಯುವ ಮರ್ಕಾಪ್ಟೋಎಥನಾಲ್ ಕೊನೇ ಗಳಿಗೆಯಲ್ಲಿ, ಫ್ಯೂಮ್ ಹುಡ್ ಒಳಗೆ. 65 ಡಿಗ್ರಿಯಲ್ಲಿ ಒಂದು ಗಂಟೆ, ಆಮೇಲೆ 24:1 ಕ್ಲೋರೋಫಾರ್ಮ್–ಐಸೋಅಮೈಲ್ ಎರಡು ಸಲ. ಮೇಲಿನ ಪದರ ಪಿಪೆಟ್ ತುದಿಗೆ ಜೇನಿನ ಹಾಗೆ ನೂಲೆಳೆದರೆ ಲೋಳೆ ಉಳಿದಿದೆ ಎಂದರ್ಥ. ಆಗ ಅರ್ಧ ಪಾಲು 5 ಮೋಲಾರ್ ಉಪ್ಪುನೀರು ಬೆರೆಸಿ ತಣ್ಣನೆಯ ಎಥನಾಲ್ ಹಾಕುತ್ತೇವೆ. ಲೋಳೆಯ ಬಹುಪಾಲು ದ್ರಾವಣದಲ್ಲೇ ನಿಲ್ಲುತ್ತದೆ. ತಳದಲ್ಲಿ ಪಾರದರ್ಶಕ ಜೆಲ್ಲಿ ಕಂಡರೆ ಸಂಭ್ರಮಿಸಬೇಡಿ, ಅದು ಡಿಎನ್‌ಎ ಅಲ್ಲ. ಬೆಳಕು ಹೀರುವಿಕೆಯ 260/280 ಅನುಪಾತ (ಪ್ರೋಟೀನ್ ಕಲ್ಮಶದ ಸುಳಿವು) 1.8 ಬಂದೂ 260/230 (ಲೋಳೆಯಂಥ ಕಲ್ಮಶದ ಸುಳಿವು) ಒಂದಕ್ಕಿಂತ ಕೆಳಗಿದ್ದರೆ ಪಿಸಿಆರ್, ಅಂದರೆ ಡಿಎನ್‌ಎ ನಕಲು ಹೆಚ್ಚಿಸುವ ಕ್ರಿಯೆ, ಕೈಕೊಡುವುದು ಹೆಚ್ಚು. ಹತ್ತು ಪಟ್ಟು ತೆಳುಮಾಡಿ ನೋಡಿ, ಎಷ್ಟೋ ಸಲ ಅಷ್ಟಕ್ಕೇ ಪಟ್ಟಿ ಮೂಡುತ್ತದೆ.

ಪಿಸಿಆರ್‌ನಲ್ಲಿ ವಿಶೇಷವೇನಿಲ್ಲ: 25 ಮೈಕ್ರೋಲೀಟರ್‌ಗೆ 25 ನ್ಯಾನೋಗ್ರಾಂ ಡಿಎನ್‌ಎ, 35 ಸುತ್ತು, 2% ಅಗರೋಸ್ ಜೆಲ್. ಆದರೆ ಐಎಸ್‌ಎಸ್‌ಆರ್ ಡಿಎನ್‌ಎ ಪ್ರಮಾಣಕ್ಕೆ ಬಲು ಸೂಕ್ಷ್ಮ. ಅದಕ್ಕೇ ಒಂದೇ ಗಿಡದಿಂದ ಎರಡು ಸಲ ಬೇರೆಬೇರೆಯಾಗಿ ಡಿಎನ್‌ಎ ತೆಗೆದು, ಎರಡರಲ್ಲೂ ಬಂದ ಪಟ್ಟಿಗಷ್ಟೇ 1 (ಇದೆ) ಎಂದು ಬರೆಯುತ್ತೇವೆ. ಹೋಲಿಕೆಗೆ, ಹೂವಿನ ಸಮೇತ ಹರ್ಬೇರಿಯಂ (ಒಣಗಿಸಿಟ್ಟ ಸಸ್ಯ ಮಾದರಿ) ಮಾಡಿಟ್ಟ ಗಿಡದ ಡಿಎನ್‌ಎ ಅದೇ ಜೆಲ್‌ನಲ್ಲಿ ಪಕ್ಕಕ್ಕೇ ಓಡಬೇಕು.

ಐಟಿಎಸ್‌ನಲ್ಲಿ ಇನ್ನೊಂದು ಗುಂಡಿಯಿದೆ. ಸಾರ್ವತ್ರಿಕ ಪ್ರೈಮರ್‌ಗಳು (ನಕಲು ಶುರುಮಾಡುವ ಗಿಡ್ಡ ಡಿಎನ್‌ಎ ತುಣುಕುಗಳು) ಬೇರಿನ ಶಿಲೀಂಧ್ರವನ್ನೂ ವರ್ಧಿಸುತ್ತವೆ, ಎಲೆಯೊಳಗೂ ಶಿಲೀಂಧ್ರ ಇರಬಹುದು. ಸಸ್ಯಕ್ಕೇ ಹೊಂದುವ ಪ್ರೈಮರ್ ಬಳಸಿ. ಅನುಕ್ರಮದಲ್ಲಿ ಜೋಡಿ ಶಿಖರ (ಒಂದೇ ಜಾಗದಲ್ಲಿ ಎರಡು ಅಕ್ಷರದ ಸಂಕೇತ) ಕಂಡರೆ ಮಿಶ್ರತಳಿ ಎಂದು ಘೋಷಿಸುವ ಮೊದಲು ಇದನ್ನು ಅನುಮಾನಿಸಿ.

ಒಣಗಿದ ಕಾಂಡದ ಚೂರಿಗೆ ಮಾತ್ರ ಐಎಸ್‌ಎಸ್‌ಆರ್ ಬೇಡ. ಡಿಎನ್‌ಎ ತುಂಡಾಗಿ ಉದ್ದದ ಪಟ್ಟಿಗಳು ಮಾಯವಾಗುತ್ತವೆ, ಅದೇ ನೆಲೆಯ ಗಿಡ ಪರದೇಶಿಯಂತೆ ಕಾಣುತ್ತದೆ. ಅಲ್ಲಿ ಐಟಿಎಸ್‌ನ ಗಿಡ್ಡ ಭಾಗವಾದ ಐಟಿಎಸ್2 ಓದಿ ಪ್ರಭೇದವನ್ನಷ್ಟೇ ಹೇಳುತ್ತೇವೆ. ನೆಲೆಯ ಕಾಲಂ ಖಾಲಿ ಬಿಡುತ್ತೇವೆ.