ಬಿಸಿಲೂರಿನ ಗಾಡಿಗೂ ಥರ್ಮೋಸ್ಟಾಟ್ ಬೇಕು: ನನ್ನ ಅನುಭವ

"ಕಲಬುರಗಿ ಬಿಸಿಲಾಗ ಥರ್ಮೋಸ್ಟಾಟ್ ಹಾಕಬ್ಯಾಡ ತಮ್ಮಾ, ಇಂಜಿನ್ ಸೀಜ್ ಆಗ್ತದ." ರಿಂಗ್ ರಸ್ತೆಯ ಹಿರಿಯ ಉಸ್ತಾದರೆಲ್ಲ (ಮೆಕ್ಯಾನಿಕ್‌ಗಳೆಲ್ಲ) ಇದನ್ನೇ ಹೇಳಿದರು. ಥರ್ಮೋಸ್ಟಾಟ್ ಅಂದರೆ ಇಂಜಿನ್ ಕಾಯುವವರೆಗೆ ಕೂಲಂಟನ್ನು (ಇಂಜಿನ್ ತಣಿಸುವ ದ್ರವವನ್ನು) ರೇಡಿಯೇಟರ್‌ಗೆ ಬಿಡದೆ ತಡೆಯುವ ಸಣ್ಣ ವಾಲ್ವ್. ನಾನು ಅದನ್ನು ಹಾಕಿದ ವ್ಯಾನ್ ಒಂದು ಬೇಸಿಗೆ ಪೂರ್ತಿ ಓಡಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಬಿಎಸ್-4 (ಭಾರತ್ ಸ್ಟೇಜ್ 4 ಎಂಬ ಹೊಗೆ ಮಾನದಂಡದ) ಪೆಟ್ರೋಲ್ ವ್ಯಾನ್. ಆಳಂದ ರಸ್ತೆಯಲ್ಲಿ ದಿನಕ್ಕೆ 120 ಕಿ.ಮೀ. ಓಟ. ಮೈಲೇಜ್ ಲೀಟರಿಗೆ 11 ಕಿ.ಮೀ.ಗೆ ಇಳಿದಿತ್ತು. ಎಮಿಷನ್ ಟೆಸ್ಟ್‌ನಲ್ಲಿ ಸಿಒ (ಕಾರ್ಬನ್ ಮೊನಾಕ್ಸೈಡ್) ಮಿತಿಯಾದ ಶೇ. 0.3 ದಾಟಿ ಎರಡು ಸಲ ಫೇಲ್. ಮೊದಲು ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಬದಲಿಸಿದೆ. ನಾಲ್ಕು ಸಾವಿರದ ಹತ್ತಿರ ಹೋಯಿತು, ಏನೂ ಆಗಲಿಲ್ಲ. ಇಂಜೆಕ್ಟರ್ ಕ್ಲೀನಿಂಗಿಗೆ ಇನ್ನೊಂದು 1,200. ಮಾಲೀಕರ ಮುಖ ನೋಡಲಾಗದೆ ಅದರ ಮಜೂರಿ ಬಿಟ್ಟೆ.

ಕೊನೆಗೆ ಇಂಜಿನ್ ಸೆನ್ಸರ್‌ಗಳ ಲೆಕ್ಕ ತೋರಿಸುವ ಸ್ಕ್ಯಾನರ್ ಹಚ್ಚಿಕೊಂಡೇ ಆಳಂದದವರೆಗೆ ಹೋದೆ. ಕೂಲಂಟ್ 62 ಡಿಗ್ರಿ ದಾಟಲೇ ಇಲ್ಲ! ಯಾರೋ ಹಿಂದೆಯೇ ಥರ್ಮೋಸ್ಟಾಟ್ ಕಿತ್ತಿದ್ದರು. ಇಂಜಿನ್ ಇನ್ನೂ ತಣ್ಣಗಿದೆ ಅಂತ ಇಸಿಎಂ (ಇಂಜಿನ್ ನಡೆಸುವ ಕಂಪ್ಯೂಟರ್) ಪೆಟ್ರೋಲ್ ಜಾಸ್ತಿ ಸುರಿಯುತ್ತಿತ್ತು.

ನಡುವೆ ಒಂದು ಪ್ರಯೋಗವನ್ನೂ ಮಾಡಿದೆ. ಟೆಂಪರೇಚರ್ ಸೆನ್ಸರ್‌ಗೆ ಪ್ಯಾರಲಲ್ಲಾಗಿ ಒಂದು ರೆಸಿಸ್ಟರ್ ಹಾಕಿ, ಇಂಜಿನ್ ಬಿಸಿಯಾಗಿದೆ ಎಂದು ಇಸಿಎಂಗೆ ನಂಬಿಸಿದೆ. ಬೆಳಿಗ್ಗೆ ಗಾಡಿ ಸ್ಟಾರ್ಟೇ ಆಗಲಿಲ್ಲ. ಫ್ಯಾನ್ ಬಿಡದೆ ತಿರುಗಿತು. ಅದೇ ದಿನ ಕಿತ್ತು ಹಾಕಿದೆ.

ನಂತರ 250 ರೂಪಾಯಿಯ ಲೋಕಲ್ ಥರ್ಮೋಸ್ಟಾಟ್ ಹಾಕಿದೆ. ಅದು ಮುಚ್ಚಿದ್ದು ತೆರೆಯಲೇ ಇಲ್ಲ. 108 ಡಿಗ್ರಿಗೆ ಏರಿತು, ನಡುರಸ್ತೆಯಲ್ಲಿ ನಿಲ್ಲಿಸಿದೆ. ಉಸ್ತಾದರಿಗೆ ಮಾತಾಡಲು ಇಷ್ಟು ಸಾಕಾಯಿತು. ಆದರೆ ನಾನು ಬಿಡಲಿಲ್ಲ. 700 ರೂಪಾಯಿ ಕೊಟ್ಟು ಕಂಪನಿಯದ್ದೇ ತಂದೆ. ಚಹಾ ಅಂಗಡಿಯ ಪಾತೆಲಿಯಲ್ಲಿ ನೀರು ಕಾಯಿಸಿ, ದಾರ ಕಟ್ಟಿ ಇಳಿಬಿಟ್ಟೆ. ಥರ್ಮಾಮೀಟರ್ 82 ತೋರಿಸಿದಾಗ ನಿಧಾನವಾಗಿ ಬಾಯಿ ಬಿಟ್ಟಿತು. ಆಮೇಲಷ್ಟೇ ಕೂರಿಸಿದೆ.

ನಿಜವಾದ ರೋಗ ರೇಡಿಯೇಟರ್‌ನಲ್ಲಿತ್ತು. ಬೋರ್‌ವೆಲ್ ನೀರಿನ ಉಪ್ಪು ಒಳಗೆ ಸುಣ್ಣದಂತೆ ಗಟ್ಟಿಯಾಗಿತ್ತು. ಹಿಂದೆ ಬಿಸಿ ಏರುತ್ತಿದ್ದುದು ಅದರಿಂದ, ಕಿತ್ತಿದ್ದು ಮಾತ್ರ ಥರ್ಮೋಸ್ಟಾಟ್! ಎರಡು ಸಲ ಫ್ಲಶ್ ಮಾಡಿ ಒಳ್ಳೆಯ ಕೂಲಂಟ್ ತುಂಬಿದೆ. ಪೈಪಿನ ಗಾಳಿ ತೆಗೆಯುವುದರಲ್ಲಿ ನನ್ನದೊಂದು ಕೈಚಳಕ ಇದೆ, ಅದು ನನ್ನ ಹತ್ತಿರವೇ ಇರಲಿ.

ಈಗ ಮೈಲೇಜ್ ಹನ್ನೆರಡೂವರೆ, ಸಿಒ 0.1ರ ಆಸುಪಾಸು. ದಿನಕ್ಕೆ ಒಂದೂಕಾಲು ಲೀಟರ್ ಮೇಲೆ ಉಳಿತಾಯ. ಒಂದು ಲೀಟರ್ ಪೆಟ್ರೋಲ್ ಸುಟ್ಟರೆ ಸುಮಾರು 2.3 ಕೆ.ಜಿ. ಕಾರ್ಬನ್ ಡೈಆಕ್ಸೈಡ್ ಬರುತ್ತದೆ, ಅಂದರೆ ದಿನಕ್ಕೆ ಸುಮಾರು 3 ಕೆ.ಜಿ. ಅನಿಲ ಕಡಿಮೆ. ಒಂದೇ ವ್ಯಾನಿನಿಂದ ಇಷ್ಟು, ಅಲ್ವಾ? ಮೇ ತಿಂಗಳ ನಡುಮಧ್ಯಾಹ್ನ ಅದೇ ರಸ್ತೆಯಲ್ಲಿ ಮತ್ತೆ ಸ್ಕ್ಯಾನರ್ ಹಚ್ಚಿ ನೋಡಿದೆ. 93 ದಾಟಲಿಲ್ಲ.